ಬಚ್ಚಿಟ್ಟ ಮಾತ್ರೆಯ ಕಥೆ

ಮಗು ಕೈಕಾಲು ಸೆಟೆದು ಬಿದ್ದೊಡನೆ ಅಂಗೈಗೆ ಬೀಗದಕೈ ತುರುಕುವುದು, ಈರುಳ್ಳಿ ಮೂಸಿಸುವುದು ಹಳ್ಳಿ, ಪೇಟೆ ಎರಡರಲ್ಲೂ ಕಂಡುಬರುವ ದೃಶ್ಯ. ಸೆಳವು ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಕೀರ್ತಿ ಮಾತ್ರ ಕಬ್ಬಿಣಕ್ಕೆ! ಮನೆಯವರಿಗೆ ಕಷ್ಟ ಶುರುವಾಗುವುದು ಆಮೇಲೆ, ಮಗು ಎದ್ದು ಆಡತೊಡಗಿದಾಗ. ಆಡುವ ಮಗುವಿಗೆ ದಿನವೂ ಮಾತ್ರೆ ಏಕೆ?

ಚರಕಸಂಹಿತೆ 'ಅಪಸ್ಮಾರ' ಎಂದು ವರ್ಣಿಸಿದ ಈ ಮೂರ್ಛೆರೋಗಕ್ಕೆ ಆಧುನಿಕ ಮದ್ದು ಸಿಕ್ಕಿದ್ದು ತಡವಾಗಿ. 1857ರಲ್ಲಿ ಲಂಡನ್ನಿನ ಚಾರ್ಲ್ಸ್ ಲೋಕಾಕ್ ಬ್ರೋಮೈಡ್ ಉಪ್ಪಿನ ಗುಣವನ್ನು ತಿಳಿಸಿದರು. ಅದು ಸೆಳವು ತಗ್ಗಿಸುತ್ತಿತ್ತು, ಜೊತೆಗೆ ಮಂಪರು, ಮೈಮೇಲೆ ಗುಳ್ಳೆ. 1912ರಲ್ಲಿ ಜರ್ಮನಿಯ ಆಲ್‌ಫ್ರೆಡ್ ಹಾಪ್ಟ್‌ಮನ್ ರೋಗಿಗಳಿಗೆ ನಿದ್ದೆಗೆಂದು ಕೊಟ್ಟ ಫಿನೊಬಾರ್ಬಿಟಾಲ್ ಫಿಟ್ಸನ್ನೇ ಇಳಿಸಿದ್ದನ್ನು ಗಮನಿಸಿದರು. 1938ರಲ್ಲಿ ಅಮೆರಿಕದ ಮೆರಿಟ್ ಮತ್ತು ಪಟ್ನಮ್ ಅಷ್ಟು ಮಂಪರು ತಾರದ ಫಿನಿಟಾಯಿನ್ ಬಳಕೆಗೆ ತಂದರು.

ಇವು ರೋಗವನ್ನು ಕೀಳುವ ಔಷಧಗಳಲ್ಲ, ಸೆಳವನ್ನು ಕಟ್ಟಿಹಾಕುವಂಥವು. ಮಗುವಿಗೆ ಎರಡು ವರ್ಷವಾದರೂ ಸೆಳವು ಬಾರದಿದ್ದರೆ ಮಾತ್ರ ವೈದ್ಯರು ಸಾಮಾನ್ಯವಾಗಿ ಅದನ್ನು ನಿಧಾನವಾಗಿ ಇಳಿಸುತ್ತಾರೆ. ತಟ್ಟನೆ ನಿಲ್ಲಿಸಿದರೆ ಬಿಡುವಿಲ್ಲದ ಸೆಳವು ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಆದರೆ ಜ್ವರದ ಮಾತ್ರೆಯ ಲೆಕ್ಕ ಬಲ್ಲ ತಾಯಿ, ಮೂರು ತಿಂಗಳು ಏನೂ ಆಗದಿದ್ದರೆ 'ವಾಸಿಯಾಯಿತು' ಎಂದುಕೊಳ್ಳುತ್ತಾಳೆ. 'ಮಾತ್ರೆ ತಿಂದು ಬುದ್ಧಿ ಮಂಕಾಗುತ್ತದೆ' ಎಂಬ ಅಜ್ಜಿಯ ಆಕ್ಷೇಪವನ್ನೂ ಪೂರ್ತಿ ತಳ್ಳಿಹಾಕುವಂತಿಲ್ಲ. ಫಿನೊಬಾರ್ಬಿಟಾಲ್ ಕೆಲವು ಮಕ್ಕಳಲ್ಲಿ ತೂಕಡಿಕೆ, ಹಟ ತರುವುದುಂಟು. ಅದನ್ನು ವೈದ್ಯರಿಗೆ ಹೇಳುವ ಬದಲು ಮಾತ್ರೆಯನ್ನೇ ಬಿಡಿಸುವುದು ಎಡವಟ್ಟು.

ಹೆಣ್ಣುಮಗುವಾದರೆ ಡಬ್ಬಿಯೇ ಬೀರುವಿನೊಳಗೆ. ನೆಂಟರು ಬಂದ ದಿನ ಮಾತ್ರೆ ತಪ್ಪುತ್ತದೆ. ಈ ಅಂಜಿಕೆಗೆ ಕಾನೂನೂ ಇಂಬು ಕೊಟ್ಟಿತ್ತು. 1976ರ ತಿದ್ದುಪಡಿ ಹಿಂದೂ ವಿವಾಹ ಕಾಯ್ದೆಯಲ್ಲಿ ಮರುಕಳಿಸುವ ಮೂರ್ಛೆಯನ್ನು ಹುಚ್ಚಿನ ಸಾಲಿಗೇ ಸೇರಿಸಿ ಮದುವೆಗೆ ಅಡ್ಡಿ ಎಂದಿತು. ಆ ಪದ ಬಿದ್ದುಹೋಗಲು 1999 ಬರಬೇಕಾಯಿತು.

ಮಾತ್ರೆ ತಪ್ಪಿಸುವುದು ನಮ್ಮವರ ಚಾಳಿ ಮಾತ್ರವಲ್ಲ. ಅಮೆರಿಕದಲ್ಲಿ ಹೊಸದಾಗಿ ರೋಗ ಪತ್ತೆಯಾದ 124 ಮಕ್ಕಳ ಔಷಧ ಶೀಶೆಗೆ, ತೆರೆದಾಗಲೆಲ್ಲ ದಾಖಲಿಸುವ ಮುಚ್ಚಳ ಹಾಕಿ ನೋಡಲಾಯಿತು. ಮೊದಲ ಆರು ತಿಂಗಳಲ್ಲೇ ಶೇ. 58ರಷ್ಟು ಮಕ್ಕಳಿಗೆ ಮಾತ್ರೆ ತಪ್ಪುತ್ತಿತ್ತೆಂದು 2011ರಲ್ಲಿ ಪ್ರಕಟವಾಯಿತು. ಬಡ ಕುಟುಂಬಗಳಲ್ಲಿ ಇದು ಹೆಚ್ಚು.

ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ಬೆಂಗಳೂರಿನ ನರರೋಗತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಬೇರೆ ದಾರಿ ಹಿಡಿದರು. 135 ರೋಗಿಗಳಿಗೆ ಅಗ್ಗದ ಅವೇ ಹಳೆಯ ಫಿನೊಬಾರ್ಬಿಟಾಲ್ ಅಥವಾ ಫಿನಿಟಾಯಿನ್. ಮಾತ್ರೆ ತಲುಪಿಸಿ, ತಪ್ಪದೆ ನುಂಗುವಂತೆ ನೋಡಿಕೊಂಡದ್ದು ಹಳ್ಳಿಯ ಆರೋಗ್ಯ ಕಾರ್ಯಕರ್ತರು. 2001ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಅದರ ವರದಿ ಪ್ರಕಟಿಸಿತು: ಚಿಕಿತ್ಸೆಗೆ ಮುಂಚೆ ಕಡಿಮೆ ಸೆಳವು ಕಂಡಿದ್ದವರಿಗೆ ಗುಣ ಹೆಚ್ಚು.