ಲವ-ಕುಶರ ಸಲುವಾಗಿ ನಿಂತ ಕಸಬರಿಗಿ

ರವಿವಾರ ಮುಂಜಾನೆ ಒಂಬತ್ತೂವರಿಗೆ ಟಿವ್ಯಾಗ ರಾಮಾಯಣ ಬರ್ತಿತ್ತಲ್ಲಾ, ನೆನಪದ ಏನ್ರೀ ಅಕ್ಕಾರ? ಓಣ್ಯಾಗ ಟಿವಿ ಇದ್ದದ್ದು ಒಂದೆರಡು ಮನ್ಯಾಗ. ಲಗೂನ ಎದ್ದು ಉಪ್ಪಿಟ್ಟು ಮಾಡಿ ಮುಗಿಸಿ, ತಲಿಗೆ ಎಣ್ಣಿ ಹಚ್ಚಿಕೊಂಡವರು ಹಂಗ ಬಂದು ಕೂಡತಿದ್ರು. ಹಿಂದಿ ಅರ್ಧಾ ತಿಳೀತಿರಲಿಲ್ಲ. ಕತಿ ಗೊತ್ತಿದ್ದಮ್ಯಾಲೆ ಮಾತು ಯಾರಿಗೆ ಬೇಕು! ಟಿವಿಗೆ ಊದಿನಕಡ್ಡಿ ಬೆಳಗಿದ್ದನ್ನೂ ನಾ ನೋಡೇನಿ.

ರಮಾನಂದ ಸಾಗರ ಅವರ ಆ ಧಾರಾವಾಹಿ 1987ರ ಜನವರಿಯೊಳಗ ಚಾಲೂ ಆತು. 52 ಕಂತು ಅಂತ ಹೊಂಟದ್ದು 78ಕ್ಕ ಹೋಗಿ, 1988ರ ಜುಲೈ ಕಡೀಕ ಮುಗೀತು. ರಾವಣ ಸತ್ತ, ರಾಮ ಅಯೋಧ್ಯಾಕ್ಕ ಬಂದ, ಪಟ್ಟಾಭಿಷೇಕ ಆತು, ಮಂಗಳ. ನಾವು ಕಣ್ಣು ಒರಿಸಿಕೊಂಡು ಎದ್ದು ಬಂದ್ವಿ.

ಆದರ ಪಂಜಾಬದ ಜಲಂಧರದಾಗ ಊರ ಕಸಾ ಬಳಿಯೋ ಕಾಮಗಾರರು ಇದನ್ನ ಒಪ್ಪಲಿಲ್ಲ. ಆ ಕಡೆ ಈ ಕೆಲಸದಾಗ ಇರೋರು ಭಾಳ ಮಂದಿ ವಾಲ್ಮೀಕಿ ಸಮಾಜದವರು. ರಾಮಾಯಣ ಬರದ ವಾಲ್ಮೀಕಿ ಋಷಿಯನ್ನ ತಮ್ಮಾಂವ ಅಂತ ಪೂಜಿಸೋರು. ಊರು ಅವರನ್ನ ಹೊಸ್ತಲದ ಆಚೆ ನಿಲ್ಲಿಸಿತ್ತು ಖರೇ, ಕತಿಯೊಳಗ ಮಾತ್ರ ಅವರ ವಾಲ್ಮೀಕಿಗೆ ದೊಡ್ಡ ಜಾಗಾ ಇತ್ತು. ಗಂಡ ಕಾಡಿಗೆ ಕಳಿಸಿದ ಬಸುರಿ ಸೀತಾಗ ಆಸರಾ ಕೊಟ್ಟಾಂವ ಅಂವ. ಲವ-ಕುಶ ಹುಟ್ಟಿದ್ದು ಅವನ ಆಶ್ರಮದಾಗ. ಅವರಿಗೆ ವಿದ್ಯಾ ಕಲಿಸಿ, ಅಪ್ಪನ ಮುಂದನ ರಾಮಾಯಣ ಹಾಡಿಸಿದಾಂವನೂ ಅಂವನ. ಇದೆಲ್ಲಾ ಬರೋದು ಉತ್ತರಕಾಂಡದಾಗ. ಧಾರಾವಾಹಿ ಅದನ್ನ ಬಿಟ್ಟು ಮುಗಿದಿತ್ತು.

ಅವರು ಕೆಲಸಾ ನಿಲ್ಲಿಸಿಬಿಟ್ರು. ಮುಷ್ಕರ ಉತ್ತರದ ಬ್ಯಾರೆ ಊರಿಗೂ ಹಬ್ಬಿತು. ಓಣಿ ಓಣಿಯೊಳಗ ಕಸಾ ಕೊಳತು ರೋಗದ ಅಂಜಿಕಿ ಹುಟ್ಟಿದಾಗ ಸರಕಾರ ಬಗ್ಗಿತು, ದೂರದರ್ಶನ ಸರಕಾರದ್ದಲ್ಲಾ. ಸಾಗರ ಅವರ ಕಡೆಯಿಂದನ ಉತ್ತರ ರಾಮಾಯಣ ಮಾಡಿಸಿ 1988-89ರಾಗ ತೋರಿಸಿದ್ರು.

ನಮ್ಮಂಥವರೂ ಟಿವ್ಯಾಗ ಕಾಣಬೇಕು ಅಂತ ಈಗ ಯಾರರೆ ಕೇಳಿದ್ರ, ಇದೇನು ಹೊಸಾ ಫ್ಯಾಶನ್ ಅಂತ ಮೂಗು ಮುರೀತಾರ. ಹೊಸಾದೇನಲ್ಲ. ಮತ್ತ ಅವರು ಇಲ್ಲದ್ದನ್ನ ಸೇರಿಸ್ರಿ ಅಂತಲೂ ಕೇಳಲಿಲ್ಲ, ಇದ್ದದ್ದನ್ನ ಕತ್ತರಿಸಬ್ಯಾಡ್ರಿ ಅಂದ್ರು, ಅಷ್ಟ.

ನನಗ ಕಾಡೋದು ಬ್ಯಾರೆ. ನಮ್ಮ ಆಯಿ ಲಕ್ಷ್ಮೀಶನ ಜೈಮಿನಿ ಭಾರತದಾಗ ಸೀತಾ ಪರಿತ್ಯಾಗ ಓದಿಸಿ ಕೇಳತಿದ್ದಳು. ಸೆರಗು ತೊಯ್ಯೂತನಕ ಅಳತಿದ್ದಳು. ಸೀತಾನ ಆ ಬಾಣಂತನ ನಮ್ಮ ಮನಿ ಹೆಂಗಸರಿಗೆ ಪಟ್ಟಾಭಿಷೇಕಕ್ಕಿಂತ ಹತ್ತಿರದ್ದು. ಅಂಥಾದ್ದನ್ನ ಟಿವಿ ಬಿಟ್ಟಾಗ ನಾವು ಒಂದು ಕಾರ್ಡೂ ಬರೀಲಿಲ್ಲ. ಮಂಗಳ ಆತಲ್ಲಾ ಅಂತ ಸುಮ್ಮನಾದ್ವಿ.

ಮುಂದ ಲವ-ಕುಶರ ಕತಿ ಬಂದಾಗ ಮತ್ತ ಎಲ್ಲಾರೂ ಗುಂಪು ಕಟ್ಟಿ ಕೂತ್ವಿ. ನಮ್ಮ ಓಣಿ ಕಸಾ ಹೊಡಿಯಾಕಿ ಮೊದಲಿನಂಗ ಕಿಡಕಿ ಹೊರಗ ನಿಂತು ನೋಡತಿದ್ದಳು. ಒಳಗ ಬಾ ಅಂತ ನಾವ್ಯಾರೂ ಅನಲಿಲ್ಲ.