ಮೀನುದೋಣಿಗೆ ತಂತಿ ಜೋಡಿಸಿದವರು

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾವಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಪ್ರಕರಣವೊಂದುಂಟು. ಮಹಾನದಿಗಳಲ್ಲಿ ಸಂಚರಿಸುವ ದೊಡ್ಡ ನಾವೆಗಳ ಮೇಲೆ ಯಾರು ಯಾರು ಇರತಕ್ಕದ್ದೆಂಬುದನ್ನು ಆಚಾರ್ಯನು ಅಲ್ಲಿ ಎಣಿಸಿರುವನು. ನಾವೆಗೆ ಒಡೆಯನಾದ ಶಾಸಕನು, ದಾರಿ ನಡೆಸುವ ನಿರ್ಯಾಮಕನು, ಕತ್ತಿಯನ್ನೂ ಹಗ್ಗಗಳನ್ನೂ ಹಿಡಿಯುವವರು, ಕಟ್ಟಕಡೆಗೆ ಒಳಗೆ ಸೇರಿದ ನೀರನ್ನು ಮೊಗೆದು ಹೊರಗೆ ಚೆಲ್ಲುವ ಉತ್ಸೇಚಕನು. ನೀರು ಮೊಗೆಯುವವನನ್ನು ಸಹ ಶಾಸ್ತ್ರಕಾರನು ಮರೆಯಲಿಲ್ಲವೆಂಬುದು ಗಮನಾರ್ಹವಾದುದು. ಆತನು ಕೈ ಬಿಟ್ಟರೆ ಶಾಸಕನೂ ಮುಳುಗುವನಷ್ಟೆ.

ಯಂತ್ರಗಳ ಚರಿತ್ರೆಯನ್ನು ಬರೆದ ಈಚಿನವರಲ್ಲಿ ಇಂಥ ಎಚ್ಚರವು ಅಪೂರ್ವವಾಗಿರುವುದು. ತತ್ತ್ವವನ್ನು ಕಂಡುಹಿಡಿದವನ ಹೆಸರು ಗ್ರಂಥಗಳಲ್ಲಿ ನಿಲ್ಲುವುದು. ಯಂತ್ರವನ್ನು ಮಾರಿದ ಸಂಸ್ಥೆಯ ಹೆಸರು ಯಂತ್ರದ ಮೇಲೆಯೇ ಕೆತ್ತಿರುವುದು. ಆದರೆ ಆ ಯಂತ್ರವನ್ನು ಉಪ್ಪುನೀರಿನಲ್ಲಿ ತೊಯ್ಯುವ ಚಿಕ್ಕ ದೋಣಿಗೆ ತಂದು, ತಂತಿ ಎಳೆದು, ನಡೆಯುವಂತೆ ಮಾಡಿದವನ ಹೆಸರು ಎಲ್ಲಿಯೂ ಕಾಣದು. ಮೀನುದೋಣಿಗಳಲ್ಲಿ ಇಂದು ಸಾಮಾನ್ಯವಾಗಿ ಹೋಗಿರುವ ಮತ್ಸ್ಯಶೋಧಕ ಯಂತ್ರದ ಚರಿತ್ರೆಯನ್ನು ನೋಡಿದರೆ, ಮೀನುಗಾರನಿಗೆ ಅದನ್ನು ಒದಗಿಸಿದವರಲ್ಲಿ ಪ್ರಯೋಗಶಾಲೆಯ ವಿದ್ವಾಂಸರಿಗಿಂತ ಬಂದರಿನ ತಂತಿಕೆಲಸದವರ ಪಾಲು ಕಡಿಮೆಯಲ್ಲವೆಂದು ತಿಳಿದುಬರುವುದು. ಇದನ್ನು ವಾಚಕರ ಮುಂದೆ ಇಡುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ತತ್ತ್ವದ ವಿಷಯ. ನೀರಿನಲ್ಲಿ ಶಬ್ದವು ಎಷ್ಟು ವೇಗದಿಂದ ಚಲಿಸುವುದೆಂಬುದನ್ನು 1826ನೆಯ ಇಸವಿಯಲ್ಲಿ ಕೊಲಾಡೋನ್ ಮತ್ತು ಸ್ಟುರ್ಮ್ ಎಂಬಿಬ್ಬರು ಜಿನೀವಾ ಸರೋವರದಲ್ಲಿ ಅಳೆದರು. ಒಂದು ದೋಣಿಯಿಂದ ನೀರಿನೊಳಗೆ ಗಂಟೆಯನ್ನು ಬಾರಿಸಿ, ಅದೇ ಕ್ಷಣದಲ್ಲಿ ಮದ್ದನ್ನು ಹೊತ್ತಿಸಿದರು. ದೂರದ ಇನ್ನೊಂದು ದೋಣಿಯಲ್ಲಿದ್ದವನು ಬೆಳಕನ್ನು ಕಂಡ ಮೇಲೆ ಶಬ್ದವು ಕೇಳಿಸುವವರೆಗಿನ ಕಾಲವನ್ನು ಎಣಿಸಿದನು. ಸೆಕೆಂಡಿಗೆ ಸುಮಾರು 1,435 ಮೀಟರೆಂದು ಲೆಕ್ಕವು ಸಿದ್ಧವಾಯಿತು. ಉಪ್ಪುನೀರಿನಲ್ಲಿ ಇದು ಸ್ವಲ್ಪ ಹೆಚ್ಚಾಗಿ, ಸುಮಾರು 1,500 ಮೀಟರು. ಗಾಳಿಯಲ್ಲಿನ ವೇಗಕ್ಕಿಂತ ಇದು ನಾಲ್ಕು ಮಡಿಗೂ ಮಿಗಿಲು. ಹಾಗಾದರೆ ದೋಣಿಯಿಂದ ಕೆಳಕ್ಕೆ ಕಳುಹಿಸಿದ ಶಬ್ದವು ತಳವನ್ನು ಮುಟ್ಟಿ ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಮರಳಿ ಬಂದಿತೆಂದಿಟ್ಟುಕೊಳ್ಳೋಣ. ಅದು ಹೋಗಿ ಬಂದ ದೂರವು 150 ಮೀಟರು, ಆಳವು ಅದರಲ್ಲಿ ಅರ್ಧ, ಎಂದರೆ 75 ಮೀಟರು. ಯಂತ್ರದ ಮರ್ಮವೆಲ್ಲವೂ ಈ ಸಣ್ಣ ಲೆಕ್ಕದಲ್ಲಿ ಅಡಗಿರುವುದು.

1912ರಲ್ಲಿ ಟೈಟಾನಿಕ್ ಹಡಗು ಮುಳುಗಿದ ಮೇಲೆ, ಕತ್ತಲೆಯಲ್ಲಿ ನೀರ್ಗಲ್ಲ ಬೆಟ್ಟವನ್ನು ಪತ್ತೆಹಚ್ಚುವ ಉಪಾಯಕ್ಕಾಗಿ ಅನೇಕರು ತಲೆಯೊಡ್ಡಿದರು. ಜರ್ಮನಿಯ ಅಲೆಕ್ಸಾಂಡರ್ ಬೇಮ್ ಎಂಬಾತನು ಪ್ರತಿಧ್ವನಿಯಿಂದ ಆಳವನ್ನು ಅಳೆಯುವ ವಿಧಾನಕ್ಕೆ 1913ರಲ್ಲಿ ಹಕ್ಕುಪತ್ರವನ್ನು ಪಡೆದನು. ಮರುವರುಷವೇ ಏಪ್ರಿಲ್ ತಿಂಗಳಲ್ಲಿ ರೆಜಿನಾಲ್ಡ್ ಫೆಸೆಂಡೆನ್ ಎಂಬಾತನು ಅಟ್ಲಾಂಟಿಕ್ ಸಮುದ್ರದಲ್ಲಿ ನೀರ್ಗಲ್ಲಿನ ಪ್ರತಿಧ್ವನಿಯನ್ನೂ ತಳದ ಪ್ರತಿಧ್ವನಿಯನ್ನೂ ಕೇಳಿ ತೋರಿಸಿದನು. ಒಂದನೆಯ ಮಹಾಯುದ್ಧದ ಕಾಲದಲ್ಲಿ ಪಾಲ್ ಲಾಂಜವಾನ್ ಎಂಬ ಫ್ರೆಂಚ್ ವಿದ್ವಾಂಸನು ಸ್ಫಟಿಕಶಿಲೆಯ ಬಿಲ್ಲೆಯಿಂದ ಕಿವಿಗೆ ಕೇಳದಷ್ಟು ಸೂಕ್ಷ್ಮವಾದ ಶಬ್ದವನ್ನು ಹುಟ್ಟಿಸಿ ಜಲಾಂತರ್ಗಾಮಿಗಳನ್ನು ಹುಡುಕುವ ಮಾರ್ಗವನ್ನು ತೆರೆದನು. 1935ರಲ್ಲಿ ನಾರ್ವೆಯ ಆಸ್ಕರ್ ಸುಂಡ್ ಎಂಬ ಮತ್ಸ್ಯಶಾಸ್ತ್ರಜ್ಞನು ಲೋಫೋಟೆನ್ ದ್ವೀಪಗಳ ಬಳಿ ಕಾಡ್ ಮೀನಿನ ಗುಂಪುಗಳು ಯಂತ್ರದ ಕಾಗದದ ಮೇಲೆ ಮೂಡಿಸಿದ ಗುರುತುಗಳನ್ನು ಪ್ರಕಟಿಸಿದನು.

ಇಷ್ಟಾದರೂ ಚಿಕ್ಕ ದೋಣಿಯ ಬೆಸ್ತನಿಗೆ ಇದರಿಂದ ಬಹುಕಾಲ ಯಾವ ಪ್ರಯೋಜನವೂ ಆಗಲಿಲ್ಲ. ಯಂತ್ರವು ದೊಡ್ಡ ಹಡಗಿಗಾಗಿ ಹುಟ್ಟಿದುದು, ಬೆಲೆಯೋ ಭಾರಿಯಾದುದು. ಹೇರಳವಾದ ವಿದ್ಯುತ್ತನ್ನೂ ಒಣಗಿದ ಕೊಠಡಿಯನ್ನೂ ಓದಬಲ್ಲ ಅಧಿಕಾರಿಯನ್ನೂ ಅದು ಬೇಡುತ್ತಿದ್ದಿತು. ಇವು ಮೂರೂ ಇಲ್ಲದ ದೋಣಿಗೆ ಅದನ್ನು ಇಳಿಸಿದವರು ಯಾರು ಎಂಬುದೇ ನಮ್ಮ ಪ್ರಶ್ನೆ.

ಜಪಾನ್ ದೇಶದ ನಾಗಸಾಕಿ ಪ್ರಾಂತದಲ್ಲಿ ಕುಚಿನೊತ್ಸು ಎಂಬ ಬಂದರಿರುವುದು. ಅಲ್ಲಿ ಫುರುನೋ ಕಿಯೊತಾಕಾ ಎಂಬ ಯುವಕನು 1938ರಲ್ಲಿ ಒಂದು ಸಣ್ಣ ವಿದ್ಯುತ್ ಅಂಗಡಿಯನ್ನು ತೆರೆದನು. ರೇಡಿಯೋಗಳಲ್ಲಿ ಆಸಕ್ತನಾಗಿದ್ದ ಆತನು ದೋಣಿಗಳಿಗೆ ದೀಪ ಮೊದಲಾದ ವಿದ್ಯುತ್ ಸಲಕರಣೆಗಳನ್ನು ಜೋಡಿಸುವ ಕೆಲಸವನ್ನು ಕೈಗೊಂಡನು. ಈ ಕೆಲಸಕ್ಕಾಗಿ ಬೆಸ್ತರೊಡನೆ ಬೆರೆಯುತ್ತಿದ್ದಾಗ ಅನುಭವಿಯಾದ ಒಬ್ಬ ಬೆಸ್ತನಿಂದ ಆತನಿಗೆ ಒಂದು ಸೂತ್ರವು ದೊರೆಯಿತು: ಎಲ್ಲಿ ನೀರ್ಗುಳ್ಳೆಗಳು ಏಳುವುವೋ ಅಲ್ಲಿ ಮೀನಿರುವುದು. ಗುಳ್ಳೆಯೆಂದರೆ ಗಾಳಿ, ಗಾಳಿಗೆ ತಾಗಿದ ಶಬ್ದವು ನೀರಿನಲ್ಲಿ ಬಲವಾಗಿ ಪ್ರತಿಫಲಿಸುವುದು. ಅನೇಕ ಜಾತಿಯ ಮೀನುಗಳ ಹೊಟ್ಟೆಯಲ್ಲಿರುವ ಗಾಳಿಚೀಲವೇ ಪ್ರತಿಧ್ವನಿಯ ಬಹುಭಾಗಕ್ಕೆ ಕಾರಣವೆಂಬುದು ಇಂದು ಸುವಿದಿತ. ಬೆಸ್ತನ ಅನುಭವವೂ ವಿದ್ವಾಂಸರ ತತ್ತ್ವವೂ ಹೀಗೆ ಒಬ್ಬ ತಂತಿಕೆಲಸದವನ ಮನಸ್ಸಿನಲ್ಲಿ ಸಂಧಿಸಿದುವು.

1945ರಲ್ಲಿ ಯುದ್ಧವು ಮುಗಿದಾಗ ಜಪಾನಿನಲ್ಲಿ ಆಹಾರದ ಅಭಾವವು ತೀವ್ರವಾಗಿದ್ದಿತು. ಸೈನ್ಯದಲ್ಲಿ ಮಿಕ್ಕಿದ್ದ ಆಳಮಾಪಕ ಯಂತ್ರಗಳು ಹಳೆಯ ಸಾಮಾನಾಗಿ ದೊರೆಯತೊಡಗಿದುವು. ಕಿಯೊತಾಕನೂ ಆತನ ತಮ್ಮನಾದ ಕಿಯೊಕಾತನೂ ಅಂಥದನ್ನು ಬಿಚ್ಚಿ, ಮಾರ್ಪಡಿಸಿ, ದೋಣಿಗೆ ಕಟ್ಟಿ, 1948ರಲ್ಲಿ ಮಾರಾಟಕ್ಕೆ ಯೋಗ್ಯವಾದ ಮತ್ಸ್ಯಶೋಧಕವನ್ನು ಸಿದ್ಧಪಡಿಸಿದರು. ಲೋಕದಲ್ಲಿ ಮೀನುಗಾರರ ನಿತ್ಯೋಪಯೋಗಕ್ಕೆ ಬಂದ ಮೊದಲ ಮತ್ಸ್ಯಶೋಧಕವೆಂದು ಇದಕ್ಕೆ ಪ್ರಸಿದ್ಧಿಯುಂಟು.

ಆದರೆ ಸಿದ್ಧಿಯು ಅಷ್ಟು ಸುಲಭವಾಗಿರಲಿಲ್ಲ. ಯಂತ್ರಗಳು ಕೆಟ್ಟುನಿಂತವು. ಕಾಗದದ ಮೇಲಿನ ಗೆರೆಗಳು ಬೆಸ್ತರಿಗೆ ಅರ್ಥವಾಗಲಿಲ್ಲ. ತಲೆಮಾರುಗಳಿಂದ ನೀರಿನ ಬಣ್ಣ, ಹಕ್ಕಿಯ ಹಾರಾಟ, ರಾತ್ರಿಯ ಮಿಣುಕುಗಳನ್ನು ನೋಡಿ ಬಲೆ ಬೀಸಿದವರಿಗೆ ಪೆಟ್ಟಿಗೆಯ ಮಾತಿನಲ್ಲಿ ವಿಶ್ವಾಸವೆಲ್ಲಿಂದ ಬಂದೀತು? ಆಗ ಅಣ್ಣತಮ್ಮಂದಿರು ಹೊಸ ಪ್ರಚಾರಪತ್ರವನ್ನು ಅಚ್ಚು ಹಾಕಿಸಲಿಲ್ಲ. 1949ರಲ್ಲಿ ಕಿಯೊಕಾತನು ಗೊತೋ ದ್ವೀಪಗಳ ಒಂದು ಬಂದರಿಗೆ ಹೋಗಿ, ಅಲ್ಲಿಯ ಬೆಸ್ತರ ದೋಣಿಯಲ್ಲಿ ತಾನೇ ಹತ್ತಿ, ಅವರೊಡನೆ ಕಡಲಿನಲ್ಲಿದ್ದು, ಯಂತ್ರದ ಗುರುತನ್ನೂ ಬಲೆಗೆ ಬಿದ್ದ ಮೀನನ್ನೂ ತಾಳೆ ನೋಡುತ್ತ ಓದುವ ವಿದ್ಯೆಯನ್ನು ಕಲಿತನು, ಕಲಿಸಿದನು. ಹಿಡುವಳಿಯಲ್ಲಿ ಹಿಂದುಳಿದಿದ್ದ ದೋಣಿಯು ಮುಂದಕ್ಕೆ ಬಂದಿತು. ಅನಂತರ ಬೇಡಿಕೆಯು ತಾನಾಗಿಯೇ ಹಬ್ಬಿತು. ಯಂತ್ರವು ಕೈಗೂಡಿದುದು ಕಾರ್ಯಾಗಾರದಲ್ಲಲ್ಲ, ದೋಣಿಯ ಮೇಲೆ ಎಂಬುದು ಇದರಿಂದ ಸ್ಪಷ್ಟವಾಗುವುದು.

ಇದು ಒಂದು ದೇಶದ ಆಕಸ್ಮಿಕವೂ ಅಲ್ಲ. ಅದೇ ಕಾಲದಲ್ಲಿ, 1947ರಲ್ಲಿ, ನಾರ್ವೆಯಲ್ಲಿ ವಿಲ್ಲಿ ಸಿಮೊನ್ಸೆನ್ ಎಂಬ ಯಂತ್ರಶಿಲ್ಪಿಯು ಒಂದು ರೇಡಿಯೋ ಸಂಸ್ಥೆಯನ್ನು ಆರಂಭಿಸಿದನು. ಯುದ್ಧಕಾಲದಲ್ಲಿ ಆತನು ಇಂಗ್ಲೆಂಡಿನಲ್ಲಿದ್ದು, ಶತ್ರುವಶವಾಗಿದ್ದ ತನ್ನ ನಾಡಿನವರು ಗುಟ್ಟಾಗಿ ಸುದ್ದಿ ಕೇಳಲು ತಕ್ಕ ಪುಟ್ಟ ರೇಡಿಯೋವನ್ನು ರಚಿಸಿದ್ದವನು. ಶಾಂತಿಯು ಬಂದ ಮೇಲೆ ಅದೇ ಕೈಚಳಕವನ್ನು ಮೀನುದೋಣಿಗಳ ರೇಡಿಯೋ ದೂರವಾಣಿಗೆ ತಿರುಗಿಸಿದನು. ಆ ಬಳಿಕ ಆ ಸಂಸ್ಥೆಯು ಪ್ರತಿಧ್ವನಿಯಂತ್ರಗಳಿಗೂ ಹೆಸರಾಯಿತು. ಅಲ್ಲಿಯೂ ದೋಣಿಯ ತಂತಿಕೆಲಸವು ಮುಂದಾಗಿ, ಮತ್ಸ್ಯಶೋಧಕವು ಅದರ ಹಿಂದೆ ಬಂದಿತು.

ತಂತಿ ಜೋಡಿಸುವುದರಲ್ಲಿ ಅಂಥ ವಿದ್ಯೆಯೇನಿದೆಯೆಂದು ಕೆಲವರು ಕೇಳಬಹುದು. ವರ್ಣಗಳ ಅತಿಶಯ ಸಾಮೀಪ್ಯವನ್ನು ಪಾಣಿನಿಯು ಸಂಹಿತೆಯೆಂದು ಕರೆದನು. ಸಂಧಿಕಾರ್ಯಗಳು ಹುಟ್ಟುವುದು ಅಲ್ಲಿಯೇ. ದೋಣಿಯಲ್ಲಿಯೂ ವಿಕಾರವು ತೋರುವುದು ಸಂಧಿಸ್ಥಾನದಲ್ಲಿ. ಇಂಜಿನಿನ ವಿದ್ಯುತ್ ತಂತಿಯನ್ನು ಶೋಧಕದ ತಂತಿಗೆ ತೀರ ಸಮೀಪವಾಗಿ ಎಳೆದರೆ ಇಲ್ಲದ ಮೀನುಗಳು ಪರದೆಯ ಮೇಲೆ ಮಳೆಗರೆಯುವುವು. ತಾಮ್ರಕ್ಕೆ ಉಪ್ಪುನೀರು ಸೋಕಿದರೆ ಕೂಡಿಕೆಯಲ್ಲಿ ಹಸುರು ಕಿಲುಬು ಬೆಳೆದು ವಿದ್ಯುತ್ತಿನ ದಾರಿಯನ್ನೇ ತಿನ್ನುವುದು. ತವರ ಲೇಪಿಸಿದ ತಂತಿಯನ್ನು ಬಳಸಿ ಕೂಡಿಕೆಯನ್ನು ನೀರು ನುಗ್ಗದಂತೆ ಮುಚ್ಚಬೇಕಾಗುವುದು. ಮನೆಯ 230 ವೋಲ್ಟಿನಲ್ಲಿ ಒಂದು ವೋಲ್ಟು ದಾರಿಯಲ್ಲಿ ಸೋರಿದರೆ ಯಾರಿಗೂ ತಿಳಿಯದು. ದೋಣಿಯ 12 ವೋಲ್ಟಿನ ಬ್ಯಾಟರಿಯಲ್ಲಿ ಅದೇ ಒಂದು ವೋಲ್ಟೆಂದರೆ ಹನ್ನೆರಡರಲ್ಲಿ ಒಂದು ಪಾಲು. ಶಬ್ದವನ್ನು ಕಳುಹಿಸುವ ಬಿಲ್ಲೆಯನ್ನು ತಳದಲ್ಲಿ ಎಲ್ಲಿ ಕೂರಿಸಬೇಕೆಂಬುದೂ ಸೂಕ್ಷ್ಮವಾದ ವಿಚಾರ. ದೋಣಿಯ ಓಟದಿಂದಲೂ ಚಕ್ರದಿಂದಲೂ ಏಳುವ ಗುಳ್ಳೆಗಳು ಅದರ ಮುಖಕ್ಕೆ ಅಡ್ಡವಾದರೆ ಯಂತ್ರವು ಕುರುಡಾಗುವುದು. ಮೀನನ್ನು ತೋರಿಸಿಕೊಟ್ಟ ಗುಳ್ಳೆಯೇ ಸ್ಥಾನ ತಪ್ಪಿದಲ್ಲಿ ಮೀನನ್ನು ಮರೆಮಾಡುವುದು.

ನಮ್ಮ ಕರಾವಳಿಗೆ ಈ ವಿದ್ಯೆಯು ಬಂದ ಬಗೆಯನ್ನು ಇನ್ನು ನೋಡೋಣ. ನಾರ್ವೆಯ ನೆರವಿನಿಂದ 1950ರ ದಶಕದಲ್ಲಿ ಕೇರಳದ ನೀಂಡಕರದ ಬಳಿ ಮೊದಲಾದ ಮೀನುಗಾರಿಕೆಯ ಯೋಜನೆಯು 1960ರ ದಶಕದಲ್ಲಿ ಕಾರವಾರಕ್ಕೂ ವಿಸ್ತರಿಸಿತು. 1970ರ ದಶಕದ ಮಧ್ಯಭಾಗದಲ್ಲಿ ಪರ್ಸೀನ್ ಬೋಟುಗಳು ಮಂಗಳೂರು, ಮಲ್ಪೆಗಳ ಕಡಲಿಗೆ ಇಳಿದುವು. ಊರಿಗೆ ಊರೇ ಸೇರಿ ದಡದಿಂದ ಎಳೆಯುತ್ತಿದ್ದ ರಂಪಣಿಯು ಹಿಂದೆ ಸರಿಯಿತು. ಕ್ರಮೇಣ ಬೋಟಿನ ಮೇಲೆ ವೈರ್‌ಲೆಸ್ಸು, ಫಿಶ್ ಫೈಂಡರು ಮೊದಲಾದುವು ಸೇರಿದುವು. ಉಪಗ್ರಹಗಳಿಂದ ಸ್ಥಾನವನ್ನು ತಿಳಿಸುವ ಜಿಪಿಎಸ್ ಸಂಕೇತದಲ್ಲಿ ಬುದ್ಧಿಪೂರ್ವಕವಾಗಿ ಬೆರೆಸಿದ್ದ ತಪ್ಪನ್ನು ಅಮೆರಿಕಾ ಸರ್ಕಾರವು 2000ನೆಯ ಇಸವಿಯ ಮೇ ತಿಂಗಳಲ್ಲಿ ತೆಗೆದುಹಾಕಿದ ಬಳಿಕ, ಅಗ್ಗದ ಯಂತ್ರವೂ ಬಲೆ ಬಿಟ್ಟ ಜಾಗವನ್ನು ಕೆಲವೇ ಮಾರುಗಳ ಅಂತರದಲ್ಲಿ ತೋರಿಸಬಲ್ಲುದಾಯಿತು.

ಇವುಗಳನ್ನು ಜೋಡಿಸುವವರಲ್ಲಿ ಅನೇಕರಿಗೆ ಇದು ಉಪವೃತ್ತಿ. ಪೇಟೆಯಲ್ಲಿ ರೇಡಿಯೋ, ಟೀವಿ ರಿಪೇರಿ ಮಾಡಿಕೊಂಡಿದ್ದವನು, ಮನೆಗಳಿಗೆ ವೈರಿಂಗ್ ಮಾಡುವವನು ಬಂದರಿಗೂ ಹೋಗಿಬರುವನು. ಯಾಂತ್ರಿಕ ಬೋಟುಗಳಿಗೆ ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಮೀನು ಹಿಡಿಯುವುದು ನಿಷಿದ್ಧವಾದುದರಿಂದ, ಬೋಟುಗಳು ದಡ ಸೇರಿರುವ ಆ ಮಳೆಗಾಲವೇ ದುರಸ್ತಿಯ ಸುಗ್ಗಿ. ಆಗಸ್ಟಿನಲ್ಲಿ ತಂಡೇಲನು ನಿಶ್ಚಿಂತೆಯಿಂದ ಹೊರಡಬೇಕಾದರೆ ಜುಲೈಯಲ್ಲಿ ಯಾವನೋ ಒಬ್ಬನು ಇಕ್ಕಟ್ಟಾದ ಇಂಜಿನಿನ ಕೋಣೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಒಂದೊಂದು ಕೂಡಿಕೆಯನ್ನೂ ಮುಟ್ಟಿ ನೋಡಿರಬೇಕು.

ಈ ಎಚ್ಚರದ ಬೆಲೆಯೇನೆಂಬುದು ಲಾಭದ ಲೆಕ್ಕದಿಂದ ತಿಳಿಯತಕ್ಕುದಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಎಂಬ ಬೋಟು ಏಳು ಮಂದಿಯೊಡನೆ ಸಂಪರ್ಕ ತಪ್ಪಿತು. ತಿಂಗಳುಗಟ್ಟಲೆ ಹುಡುಕಿದ ಮೇಲೆ 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದಾಚೆಯ ಕಡಲ ತಳದಲ್ಲಿ ನೌಕಾಪಡೆಯ ನಿರೀಕ್ಷಕ್ ಹಡಗು ಅದರ ಅವಶೇಷವನ್ನು ಕಂಡಿತು. ಆ ದುರಂತದ ಕಾರಣವನ್ನು ಚರ್ಚಿಸುವುದು ಇಲ್ಲಿ ಪ್ರಕೃತವಲ್ಲ. ಆದರೆ ಕಡಲಿನಿಂದ ಬರತಕ್ಕ ದನಿಯು ನಿಂತಾಗ ದಡದ ಮೇಲಿನ ತಾಯಿ, ಹೆಂಡತಿ, ಮಕ್ಕಳು ಎಂಥ ದಿನಗಳನ್ನು ಕಳೆಯಬೇಕಾಗುವುದೆಂಬುದನ್ನು ನಮ್ಮ ನಾಡು ಆಗ ಕಂಡಿತು. ಯಾವ ಬೋಟಿನಲ್ಲೇ ಆಗಲಿ, ಆ ದನಿಯು ಸಾಗುವುದು ಬೆರಳಿಗಿಂತ ತೆಳ್ಳಗಿನ ತಂತಿಯ ಮೂಲಕ ಎಂಬುದನ್ನು ಮರೆಯಲಾಗದು.

ಇದಕ್ಕೆ ಇನ್ನೊಂದು ಮುಖವೂ ಇರುವುದು. ಮೊದಲು ಕತ್ತಲೆಯೂ ಆಳವೂ ಮೀನಿಗೆ ಕೋಟೆಯಾಗಿದ್ದುವು. ಶೋಧಕವು ಆ ಕೋಟೆಯನ್ನು ಒಡೆಯಿತು. ಹಸಿದ ಜಪಾನಿಗೆ 1948ರಲ್ಲಿ ಅದು ಅನ್ನವನ್ನು ಕೊಟ್ಟಿತು. ಅದೇ ಯಂತ್ರವು ಮಿತಿಯಿಲ್ಲದ ಬಲೆಗಳ ಜತೆಗೂಡಿದರೆ ಮರಿಮೀನಿಗೂ ಬದುಕಿಲ್ಲ. ಪ್ರಖರವಾದ ದೀಪಗಳಿಂದ ಮೀನನ್ನು ಸೆಳೆದು ಹಿಡಿಯುವುದನ್ನು ಭಾರತ ಸರ್ಕಾರವು 2017ರಲ್ಲಿ ನಿಷೇಧಿಸಿರುವುದು. ಆ ದೀಪಗಳಿಗೂ ತಂತಿ ಎಳೆಯುವವನು ಒಬ್ಬನು ಬೇಕಷ್ಟೆ. ವಿದ್ಯೆಯಲ್ಲಿ ಪಾಲುಂಟಾದವನಿಗೆ ಅದರ ಫಲದಲ್ಲಿಯೂ ಪಾಲುಂಟು. ಪುಣ್ಯದಲ್ಲಿ ಉಂಟೆಂದು ಹೇಳಿ ಪಾಪದಲ್ಲಿ ಇಲ್ಲವೆಂದು ಹೇಳಲು ಬಾರದು. ತಂತಿಕೆಲಸದವನನ್ನು ಗೌರವಿಸುವುದೆಂದರೆ ಆತನನ್ನು ಹೊಣೆಗಾರನೆಂದೂ ಎಣಿಸುವುದೇ ಆಗಿರುವುದು.

ನಮ್ಮ ಬಂದರುಗಳಲ್ಲಿ 1970, 1980ರ ದಶಕಗಳಲ್ಲಿ ಈ ಕೆಲಸಕ್ಕೆ ಕೈಯಿಟ್ಟವರು ಈಗ ವೃದ್ಧರಾಗಿರುವರು. ಯಾವ ಯಂತ್ರವು ಯಾವಾಗ ಬಂದಿತು, ತಂಡೇಲರು ಅದನ್ನು ಹೇಗೆ ಬರಮಾಡಿಕೊಂಡರು, ಕೆಟ್ಟಾಗ ಏನು ಮಾಡಿದರು, ಭಾಗಗಳನ್ನು ಏನೆಂದು ಕರೆದರು ಎಂಬುದೆಲ್ಲ ಅವರ ಬಾಯಲ್ಲಿ ಮಾತ್ರ ಇರುವುದು. ಶಾಸನಗಳನ್ನೂ ಓಲೆಗಳನ್ನೂ ಸಂಗ್ರಹಿಸುವುದರಲ್ಲಿ ಉತ್ಸುಕರಾದ ನಮ್ಮ ಸಂಘದ ಸದಸ್ಯರು ಬರುವ ಮಳೆಗಾಲದಲ್ಲಿ, ಬೋಟುಗಳು ದಡದಲ್ಲಿರುವ ಆ ಎರಡು ತಿಂಗಳುಗಳಲ್ಲಿ, ಬಂದರಿಗೂ ಹೋಗಿ ಇವರನ್ನು ಕಂಡು ಕೇಳಿ ಬರೆದಿಡುವುದಾದರೆ ನಾಡಿನ ಚರಿತ್ರೆಗೆ ಉಪಕಾರವಾಗುವುದು. ಈ ಕಾರ್ಯಕ್ಕೆ ವಿಳಂಬವು ಹಿತವಲ್ಲ.