ಹೇರು ಹೊತ್ತ ತಟ್ಟು: ಧಾರವಾಡ ಸೀಮೆಯ ದುಡಿಯುವ ಕುದುರೆಯ ಚರಿತ್ರೆ

ಸುಗ್ಗಿ ಮುಗಿದ ಮೇಲೆ ನವಲಗುಂದ, ಅಣ್ಣಿಗೇರಿ, ಕುಂದಗೋಳ ಸೀಮೆಯ ಎರೆಹೊಲಗಳಲ್ಲಿ ಬೀಡುಬಿಡುವ ಕುರಿಹಿಂಡುಗಳ ಜೊತೆಗೆ ಒಂದೆರಡು ಗಿಡ್ಡ ಕುದುರೆಗಳೂ ಕಾಣುತ್ತವೆ. ಜನ ಅವನ್ನು ತಟ್ಟು ಎನ್ನುತ್ತಾರೆ. ಹಟ್ಟಿ ಕಿತ್ತ ದಿನ ಕುರಿ ತರುಬುವ ಬಲೆ, ಗೂಟ, ಕೊಡ, ಅಡಿಗೆ ಪಾತ್ರೆ, ಕಂಬಳಿ, ಜೋಳದ ಚೀಲ, ಹಿಂದಿನ ರಾತ್ರಿ ಹುಟ್ಟಿ ಇನ್ನೂ ನಡೆಯಲಾರದ ಮರಿ, ಎಲ್ಲವೂ ತಟ್ಟಿನ ಬೆನ್ನೇರುತ್ತವೆ. ಮುಂದಿನ ಹೊಲ ಸೇರಿ ಹೇರು ಇಳಿಸಿದ ಮೇಲೆ ಮುಂಗಾಲುಗಳಿಗೆ ಹಗ್ಗ ಕಟ್ಟಿ ಅದನ್ನು ಮೇಯಲು ಬಿಡುತ್ತಾರೆ. ಈ ಪ್ರಾಣಿಯ ಚರಿತ್ರೆಯನ್ನು ಹುಡುಕಹೊರಟರೆ ಮೊದಲು ಎದುರಾಗುವುದು ಒಂದು ವೈರುಧ್ಯ. ಕನ್ನಡ ನಾಡಿನಲ್ಲಿ ಕುದುರೆಯ ಬಗ್ಗೆ ದಾಖಲೆಗೆ ಬರವಿಲ್ಲ, ಆದರೆ ದುಡಿಯುವ ತಟ್ಟು ಆ ದಾಖಲೆಯಲ್ಲಿ ಬಹುಪಾಲು ಇಲ್ಲ. ಕುದುರೆಯ ಕುರಿತಾದ ವೈದ್ಯ, ಕಾನೂನು, ಎಣಿಕೆ ಮೂರೂ ಅರಮನೆ, ಸೇನೆ ಮತ್ತು ಪಟ್ಟಣದ ರಸ್ತೆಯನ್ನು ಕಣ್ಣಮುಂದಿಟ್ಟುಕೊಂಡು ಬೆಳೆದವು. ತಟ್ಟಿನ ಯೋಗಕ್ಷೇಮವನ್ನು ಕಾಯ್ದದ್ದು ಇವು ಯಾವುವೂ ಅಲ್ಲ, ಕುರುಬನಿಗೂ ಹೊಲದೊಡೆಯನಿಗೂ ನಡುವೆ ಇದ್ದ ಕೊಡುಕೊಳ್ಳುವ ಸಂಬಂಧ. ಅದು ಸಡಿಲಗೊಂಡಿರುವುದರಿಂದಲೇ ತಟ್ಟಿನ ಪಾಡು ಇಂದು ಪ್ರಶ್ನೆಯಾಗಿದೆ ಎಂಬುದು ಈ ಲೇಖನದ ವಾದ.

ಮೊದಲು ಅರಮನೆಯ ಕುದುರೆಯನ್ನು ನೋಡೋಣ. ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ದನಗಳ ಚಿಕಿತ್ಸೆಯ 'ಗೋವೈದ್ಯ'ವನ್ನು ಕನ್ನಡದಲ್ಲಿ ಬರೆದ. ಸುಮಾರು 1400ರ ಹೊತ್ತಿಗೆ ಅಭಿನವಚಂದ್ರ ಕುದುರೆಗೇ ಮೀಸಲಾದ 'ಅಶ್ವವೈದ್ಯ'ವನ್ನು ರಚಿಸಿದ. ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿಯೂ ಕುದುರೆಗೆ ಜಾಗವಿದೆ. ಇದೇ ಚಾಲುಕ್ಯ ವಂಶದ ನಾಲ್ಕನೆಯ ಸೋಮೇಶ್ವರನಿಗೆ ಅಣ್ಣಿಗೇರಿ ಕೆಲಕಾಲ ರಾಜಧಾನಿಯಾಗಿತ್ತು; ಕುದುರೆಯ ಶಾಸ್ತ್ರ ಈ ನೆಲಕ್ಕೆ ಹೊಸದಲ್ಲ ಎಂದಾಯಿತು. ವಿಜಯನಗರದ ಕಾಲಕ್ಕೆ ಬಂದರೆ ಕುದುರೆ ಸಮುದ್ರ ದಾಟಿ ಬರುವ ಯುದ್ಧಸಾಮಗ್ರಿ. ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಅರಸ ಹಣ ಕೊಡುತ್ತಿದ್ದನೆಂದು ಹದಿನಾರನೆಯ ಶತಮಾನದ ಪೋರ್ಚುಗೀಸ್ ವ್ಯಾಪಾರಿ ಫೆರ್ನಾವೊ ನುನಿಜ್ ಬರೆದಿದ್ದಾನೆ. ಸತ್ತ ಕುದುರೆಗೂ ಬೆಲೆ ಕಟ್ಟುವ ವ್ಯವಸ್ಥೆಯಲ್ಲಿ ಕುದುರೆಯ ಆರೈಕೆಯ ಜ್ಞಾನ ಯಾರ ಲಾಯಕ್ಕೆ ಸೇರಿತ್ತೆಂದು ಬಿಡಿಸಿ ಹೇಳಬೇಕಿಲ್ಲ. ಭೀಮಾ ಕಣಿವೆಯಲ್ಲಿ ಬೆಳೆದ ಭೀಮಥಡಿ ಅಥವಾ ದಖನಿ ಕುದುರೆಗೂ ಹೆಸರು ಬಂದದ್ದು ಮರಾಠಾ ಸೇನೆಯಿಂದ. ಸೇನೆ ಚದುರಿದ ಮೇಲೆ ಆ ತಳಿಯ ರಕ್ತ ಉಳಿದದ್ದು ಹೆಚ್ಚಾಗಿ ಧನಗರ ಕುರಿಗಾಹಿಗಳ ಹೇರಿನ ಕುದುರೆಗಳಲ್ಲಿ. ಅರಸರು ಕೈಬಿಟ್ಟದ್ದನ್ನು ಬಡವರು ಬರಹವಿಲ್ಲದೆಯೇ ಸಾಕಿಕೊಂಡು ಬಂದರು.

ಧಾರವಾಡ ಸೀಮೆಯಲ್ಲಿ ಕುದುರೆ ಒಕ್ಕಲುತನದ ಪ್ರಾಣಿಯಾಗದಿರಲು ನೆಲವೇ ಕಾರಣ. ಮಳೆಗೆ ನೆನೆದ ಎರೆಮಣ್ಣು ಕಾಲಿಗೆ ಹೆಂಟೆಯಾಗಿ ಅಂಟುತ್ತದೆ. ಅದರಲ್ಲಿ ಕುಂಟೆ ಎಳೆಯಲು ನಿಧಾನವಾಗಿ ಜಗ್ಗುವ ಎತ್ತಿನ ಕಸುವು ಬೇಕು, ಕುದುರೆಯ ಓಟವಲ್ಲ. ಸಾಗಾಟದಲ್ಲೂ ಹಾಗೆಯೇ. ಘಟ್ಟದ ಮೇಲಿನ ಸರಕನ್ನು ಕರಾವಳಿಗೆ ಒಯ್ದದ್ದು ಲಂಬಾಣಿಗರ ಹೇರೆತ್ತುಗಳು. ರಸ್ತೆಯಾದ ಮೇಲೆ ಈ ಭಾಗದ ಹತ್ತಿ ಕುಮಟೆಯ ಬಂದರಿಗೆ ಇಳಿದದ್ದು ಚಕ್ಕಡಿಗಳಲ್ಲಿ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲು ಬಂದು ಈ ದೂರದ ಹೇರಿನ ಕಸುಬನ್ನು ಕಿತ್ತುಕೊಂಡಿತು. ಕುದುರೆಗೆ ಉಳಿದದ್ದು ಎರಡೇ ಕೆಲಸ: ಪಟ್ಟಣದಲ್ಲಿ ಟಾಂಗಾ, ಬಯಲಿನಲ್ಲಿ ಕುರಿಹಟ್ಟಿಯ ಹೇರು. ಎರಡನೆಯದರ ಹಿಂದೆ ಗಟ್ಟಿಯಾದ ಲೆಕ್ಕಾಚಾರವಿತ್ತು. ಹೊಲದಲ್ಲಿ ಕುರಿ ತರುಬಿದರೆ ರೈತನಿಗೆ ಗೊಬ್ಬರ, ಕುರುಬನಿಗೆ ಜೋಳ ಅಥವಾ ರೊಕ್ಕ, ಹಿಂಡಿಗೆ ಕೂಳೆ ಮತ್ತು ಹೊಟ್ಟು. ತಟ್ಟು ಈ ಒಪ್ಪಂದದ ಮೂಕ ಪಾಲುದಾರ. ರೈತ ನಾಲ್ಕಾರು ರಾತ್ರಿ ಹಿಂಡನ್ನು ನಿಲ್ಲಿಸಿಕೊಂಡರೆ ಅಷ್ಟು ದಿನ ತಟ್ಟಿನ ಬೆನ್ನಿಗೆ ಬಿಡುವು, ಬದುವಿನಲ್ಲಿ ಹುಲ್ಲು, ಹಳ್ಳದಲ್ಲಿ ನೀರು. ಅದರ ವಿಶ್ರಾಂತಿ ಯಾರ ಕರುಣೆಯೂ ಆಗಿರಲಿಲ್ಲ, ಗೊಬ್ಬರದ ಬೆಲೆಯೊಳಗೇ ಸೇರಿತ್ತು.

ವಸಾಹತು ಆಡಳಿತ ಪಶುವೈದ್ಯವನ್ನೂ ಕಾನೂನನ್ನೂ ತಂದಿತು. ಎರಡೂ ಬಯಲಿಗೆ ಬರುವ ಮೊದಲೇ ನಿಂತವು. ಮುಂಬಯಿಯ ಪಶುವೈದ್ಯ ಕಾಲೇಜು ಆರಂಭವಾದದ್ದು 1886ರಲ್ಲಿ. 1890ರ ಪ್ರಾಣಿಹಿಂಸೆ ತಡೆ ಕಾಯ್ದೆ ಮುಖ್ಯವಾಗಿ ರಸ್ತೆಯಲ್ಲಿ, ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ನಡೆಯುವ ಕ್ರೌರ್ಯವನ್ನು ಗುರುತಿಸಿತು. ಟಾಂಗಾ ಕುದುರೆಗೆ ಬಿದ್ದ ಬಾರುಕೋಲಿನ ಏಟು ಅಪರಾಧವಾಯಿತು. 1899ರ ಗ್ಲಾಂಡರ್ಸ್ ಕಾಯ್ದೆಗೆ ರೋಗ ಹರಡದಂತೆ ತಡೆಯುವುದೇ ಗುರಿ, ರೋಗ ಹತ್ತಿದ ಕುದುರೆಯನ್ನು ಕೊಲ್ಲುವುದೇ ಪರಿಹಾರ. ಸ್ವತಂತ್ರ ಭಾರತ 1960ರಲ್ಲಿ ಹೊಸ ಪ್ರಾಣಿಹಿಂಸೆ ತಡೆ ಕಾಯ್ದೆ ಮಾಡಿತು. ಅದರಡಿ 1965ರಲ್ಲಿ ಬಂದ ನಿಯಮಗಳು ಹೇರಿನ ಪ್ರಾಣಿಗಳ ಹೊರೆಯನ್ನು ಸಂಖ್ಯೆಯಲ್ಲಿ ಹಿಡಿದವು: ತಟ್ಟಿಗೆ 70 ಕಿಲೋ, ಕತ್ತೆಗೆ 50 ಕಿಲೋ, ಹೇಸರಗತ್ತೆಗೆ 200 ಕಿಲೋ. ದಿನಕ್ಕೆ ಒಟ್ಟು 9 ತಾಸಿಗಿಂತ, ಬಿಡುವಿಲ್ಲದೆ 5 ತಾಸಿಗಿಂತ ಹೆಚ್ಚು ದುಡಿಸಬಾರದು. ಉಷ್ಣತೆ 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೇರಬಾರದು.

ಇಷ್ಟು ಸ್ಪಷ್ಟವಾದ ನಿಯಮವಿರುವಾಗ ತಟ್ಟನ್ನು ಕಾನೂನು ಮರೆತಿದೆ ಎನ್ನುವುದು ಹೇಗೆ ಎಂಬ ಆಕ್ಷೇಪ ಸಹಜ. ಈ ಮಿತಿಗಳು ತಪ್ಪಲ್ಲ, ಆದರೆ ಅವುಗಳ ದೃಷ್ಟಿ ಒಂದೇ ದಿಕ್ಕಿನದು. ಹಟ್ಟಿಯಲ್ಲಿ ತೂಕದ ಕಲ್ಲಿಲ್ಲ. ದಾರಿಯಲ್ಲಿ ಎರಡು ಮರಿ ಹುಟ್ಟಿದರೆ, ಮಳೆಗೆ ಕಂಬಳಿ ನೆನೆದರೆ ನಿನ್ನೆಯ ಹೇರು ಇಂದು ಹೆಚ್ಚಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಬೆನ್ನುಹುಣ್ಣಿಗೆ ತೂಕವೊಂದೇ ಕಾರಣವಲ್ಲ. ಎಡಬಲದ ಹೇರು ಸಮವಿಲ್ಲದಾಗ, ಕೆಳಗೆ ದಪ್ಪ ಗಾದಿಯಿಲ್ಲದಾಗ ಹಗ್ಗ ಬೆನ್ನೆಲುಬಿನ ಮೇಲೆಯೇ ಉಜ್ಜುತ್ತದೆ. ಚರ್ಮ ಕಿತ್ತು ಬಂದ ಜಾಗಕ್ಕೆ ಮರುದಿನ ಮತ್ತೆ ಹೇರು ಬಿದ್ದರೆ 40 ಕಿಲೋ ಕೂಡ ಹಿಂಸೆಯೇ. ಗೊರಸಿನ ಗಾಯದಿಂದ ಧನುರ್ವಾಯು, ನೊಣ ಕಚ್ಚುವುದರಿಂದ ಸರ್ರಾ ಎಂಬ ರೋಗ ಬರಬಹುದು. ಇವಕ್ಕೆ ಬೇಕಾದದ್ದು ಲಸಿಕೆ, ಔಷಧ, ನಾಲ್ಕು ದಿನದ ವಿಶ್ರಾಂತಿ. ನಿಯಮ ಮಾಲೀಕನ ಕೈಯನ್ನು ತಡೆಯುತ್ತದೆ. ವಿಶ್ರಾಂತಿಗೆ ಜಾಗ ಕೊಡುವುದು ಅದರ ವ್ಯಾಪ್ತಿಯಲ್ಲಿಲ್ಲ. ಕುರುಬರು ನಡೆದುಕೊಳ್ಳುವ ಮೈಲಾರಲಿಂಗನೇ ಕುದುರೆಯೇರಿದ ದೇವರು, ಹೀಗಿರುವಾಗ ಕಾನೂನೇಕೆ ಎಂದೂ ಕೇಳಬಹುದು. ಭಕ್ತಿ ಕೈಯೆತ್ತಿ ಹೊಡೆಯುವುದನ್ನು ತಡೆದೀತು, ಮೇವಿಲ್ಲದ ದಾರಿಯನ್ನು ಮೊಟಕುಗೊಳಿಸಲಾರದು.

ಇನ್ನೊಂದು ಆಕ್ಷೇಪ ಸಂಖ್ಯೆಯದು. 2012ರಲ್ಲಿ ದೇಶದಲ್ಲಿ ಸುಮಾರು 6.25 ಲಕ್ಷವಿದ್ದ ಕುದುರೆ ಮತ್ತು ತಟ್ಟುಗಳು 2019ರ ಜಾನುವಾರು ಗಣತಿಯಲ್ಲಿ ಸುಮಾರು 3.4 ಲಕ್ಷಕ್ಕೆ ಇಳಿದವು. ಹಟ್ಟಿಯ ಸಾಮಾನು ಗೂಡ್ಸ್ ಗಾಡಿ ಏರತೊಡಗಿರುವಾಗ, ತಾನಾಗಿ ಮರೆಯಾಗುವ ಪ್ರಾಣಿಗೆ ನೀತಿಯೇಕೆ? ಮೊದಲನೆಯದಾಗಿ, ಈ ಎಣಿಕೆ ರೇಸಿನ ಕುದುರೆಯನ್ನೂ ಕುರುಬರ ತಟ್ಟನ್ನೂ ಒಂದೇ ಅಂಕಣಕ್ಕೆ ಹಾಕುತ್ತದೆ. ಮರೆಯಾಗುತ್ತಿರುವುದು ಯಾವುದು ಎಂದು ಅದರಿಂದ ತಿಳಿಯದು. ಅಲೆಮಾರಿ ಪಶುಪಾಲಕರ ಜಾನುವಾರುಗಳನ್ನು ಪ್ರತ್ಯೇಕವಾಗಿ ಗುರುತಿಸುವ ಕೆಲಸ ಆರಂಭವಾದದ್ದೇ 2024ರ ಅಕ್ಟೋಬರಿನಲ್ಲಿ ಶುರುವಾದ 21ನೆಯ ಗಣತಿಯಲ್ಲಿ. ಎರಡನೆಯದಾಗಿ, ಗಾಡಿ ರಸ್ತೆಯವರೆಗೆ ಮಾತ್ರ ಬರುತ್ತದೆ. ನೆನೆದ ಎರೆಹೊಲದ ನಡುವೆ ಬಲೆ ಹೊತ್ತು ಹೋಗುವುದು ಈಗಲೂ ನಾಲ್ಕು ಕಾಲೇ. ಮೂರನೆಯದಾಗಿ, ಸಂಖ್ಯೆ ಕುಸಿದಷ್ಟೂ ಉಳಿದವುಗಳ ಪಾಡು ಬಿಗಡಾಯಿಸುತ್ತದೆ. ಟಾಂಗಾ ಹೋದಂತೆ ಲಾಳ ಕಟ್ಟುವವರು ಹೋದರು, ಕುದುರೆಯ ರೋಗ ಬಲ್ಲ ಕೈಗಳೂ ಕಡಿಮೆಯಾದವು.

ಹಳೆಯ ಒಪ್ಪಂದ ಸಡಿಲಾದದ್ದು ಹೇಗೆ ಎಂಬುದಕ್ಕೆ ನವಲಗುಂದವೇ ನಿದರ್ಶನ. 1970ರ ದಶಕದಲ್ಲಿ ಮಲಪ್ರಭಾ ಕಾಲುವೆ ಇಲ್ಲಿಗೆ ನೀರು ತಂದಿತು. ಅದರ ಕರದ ಹೊರೆ 1980ರ ರೈತ ಬಂಡಾಯಕ್ಕೆ ಕಾರಣವಾದ ಸಂಗತಿ ಎಲ್ಲರಿಗೂ ಗೊತ್ತು. ನೀರಿನ ಇನ್ನೊಂದು ಪರಿಣಾಮಕ್ಕೆ ಬಂಡಾಯದ ಸದ್ದಿಲ್ಲ. ವರ್ಷಕ್ಕೆ ಒಂದೇ ಬೆಳೆಯಿದ್ದ ಹೊಲ ಎರಡಕ್ಕೆ ತಿರುಗಿದರೆ ಬೀಳು ದಿನ ಕಡಿಮೆ. ಚೀಲದ ಗೊಬ್ಬರ ಬಂದರೆ ಕುರಿಗೊಬ್ಬರದ ಚೌಕಾಶಿಯಲ್ಲಿ ಕುರುಬನ ಮಾತು ನಡೆಯದು. ಊರಿನ ಮೇವಿನ ಜಾಗವಾದ ಗಾಯರಾಣ ಒತ್ತುವರಿಯಾದರೆ ಎರಡು ಹೊಲಗಳ ನಡುವಣ ತಂಗುದಾಣವೇ ಇಲ್ಲ. ಹಿಂಡು ಬೇಗ ಬೇಗ ಜಾಗ ಬದಲಿಸಬೇಕಾಗುತ್ತದೆ, ಪ್ರತಿ ಬದಲಾವಣೆಗೂ ತಟ್ಟು ಹೇರು ಹೊರಬೇಕಾಗುತ್ತದೆ. ಅದರ ಬೆನ್ನುಹುಣ್ಣಿಗೂ ಊರಿನ ಭೂಬಳಕೆಗೂ ಇರುವ ನಂಟು ಇದು. ಆದ್ದರಿಂದ ತಟ್ಟಿನ ಯೋಗಕ್ಷೇಮವನ್ನು ಪ್ರಾಣಿದಯೆಯ ಬಿಡಿ ವಿಷಯವಾಗಿ ನೋಡಿದರೆ ಕೈಗೆ ಸಿಗುವುದು ದಂಡದ ರಸೀದಿ ಮಾತ್ರ. ಕುರಿದಾರಿಯ ಭಾಗವಾಗಿ ನೋಡಿದರೆ ಮಾಡಬಹುದಾದ ಕೆಲಸಗಳು ಕಾಣುತ್ತವೆ: ಉಳಿದ ಗಾಯರಾಣದಲ್ಲಿ ಹಿಂಡಿಗೆ ನಾಲ್ಕು ರಾತ್ರಿಯ ತಂಗುದಾಣ, ಸುಗ್ಗಿಯ ನಂತರದ ತಿಂಗಳುಗಳಲ್ಲಿ ಹಟ್ಟಿಗಳ ಜಾಡು ಹಿಡಿದು ಹೋಗುವ ಪಶುವೈದ್ಯರ ಗಾಡಿ, ಅದರಲ್ಲಿ ಕುರಿಯ ಲಸಿಕೆಯ ಜೊತೆಗೆ ತಟ್ಟಿಗೂ ಧನುರ್ವಾಯುವಿನ ಚುಚ್ಚುಮದ್ದು, ಬೆನ್ನೆಲುಬಿಗೆ ತಾಗದಂತೆ ಎರಡು ಪಕ್ಕಕ್ಕೆ ತುಂಬಿ ಹೊಲಿದ ಗಾದಿ.